ಬಡವರ ಹೊಣೆ ಯಾರದು?

ಕೈಲಾಗದ ಮುದುಕಿಯೊಬ್ಬಳು ಸಹಾಯ ಬೇಡಿ ಬಂದರೆ ಆಕೆಯನ್ನು ಮೊದಲು ಏನು ಕೇಳಬೇಕು? ಇಂದಿನ ಕಚೇರಿಗಳಲ್ಲಾದರೆ ವಯಸ್ಸು, ವರಮಾನ, ಗುರುತಿನ ಚೀಟಿ, ಬ್ಯಾಂಕಿನ ಖಾತೆ ಇವನ್ನು ಕೇಳುತ್ತಾರೆ. ಇನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಬಡ ವಠಾರದಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಆಕೆಯ ಕೈಯಲ್ಲಿ ಇನ್ನೂ ಏನಾದರೂ ಕೆಲಸ ಆದೀತೆ? ಮಕ್ಕಳಿದ್ದಾರೆಯೆ, ಇದ್ದರೆ ಎಲ್ಲಿದ್ದಾರೆ, ಏನು ದುಡಿಯುತ್ತಾರೆ? ಅಣ್ಣತಮ್ಮಂದಿರು? ನೆರೆಮನೆಯವರು ಇದುವರೆಗೆ ಏನು ಮಾಡಿಕೊಂಡು ಬಂದಿದ್ದಾರೆ? ಈ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿದ ಮೇಲೆ ಮಾತ್ರ ದೇವಾಲಯದ ಕಾಣಿಕೆಯ ಹಣಕ್ಕೆ ಕೈ ಹಾಕುತ್ತಿದ್ದರು. ತೆರಿಗೆಯ ಹಣದ ಮಾತೇ ಅಲ್ಲಿ ಇರಲಿಲ್ಲ.

ಈ ಏರ್ಪಾಟನ್ನು ಮಾಡಿದವರು ಥಾಮಸ್ ಚಾಮರ್ಸ್ ಎಂಬ ಪಾದ್ರಿಗಳು. ಬಡವರ ಹೊಣೆ ಮೊದಲು ಯಾರದು, ಆಮೇಲೆ ಯಾರದು, ಕಟ್ಟಕಡೆಗೆ ಯಾರದು ಎಂಬ ವಿಚಾರದಲ್ಲಿ ಸಂಪ್ರದಾಯನಿಷ್ಠ ಕ್ರೈಸ್ತರು ಹೇಳುತ್ತ ಬಂದಿರುವ ಮಾತನ್ನು ಅವರಷ್ಟು ಖಚಿತವಾಗಿ ನಡೆಸಿ ನೋಡಿದವರು ಕಡಿಮೆ. ಆದಕಾರಣ ಅವರ ಪ್ರಯೋಗವನ್ನೇ ಮುಂದಿಟ್ಟುಕೊಂಡು ಎರಡು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಆ ಮಾತಿನ ಬೇರು ಎಲ್ಲಿದೆ ನೋಡೋಣ. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ವಿಧವೆಯರ ಪೋಷಣೆಯ ವಿಷಯ ಬರುತ್ತದೆ. ಅದು ಉಪದೇಶಕ್ಕಿಂತ ಹೆಚ್ಚಾಗಿ ಆಡಳಿತದ ಸೂಚನೆಯಂತೆಯೇ ಇದೆ. ವಿಧವೆಗೆ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಮೊದಲು ಅವರು ನೋಡಿಕೊಳ್ಳಲಿ. ಸಭೆಯ ಮೇಲೆ ಭಾರ ಹಾಕಬಾರದು. ನಿಜವಾಗಿಯೂ ಯಾರೂ ಇಲ್ಲದವಳನ್ನು, ಅರವತ್ತು ವರ್ಷ ತುಂಬಿದವಳನ್ನು, ಸಭೆ ತನ್ನ ಪಟ್ಟಿಗೆ ಸೇರಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಮನೆಯವರನ್ನು ನೋಡಿಕೊಳ್ಳದವನನ್ನು ಪೌಲನು ನಂಬಿಕೆಯಿಂದಲೇ ಹೊರಗಿಡುತ್ತಾನೆ. ದುಡಿಯಲೊಲ್ಲದವನಿಗೆ ಊಟವಿಲ್ಲ ಎಂದು ಥೆಸಲೋನಿಕದವರಿಗೆ ಬರೆದವನೂ ಅವನೇ. ಆದರೆ ಅಲ್ಲಿ ಅವನು ಹೇಳಿದ್ದು ದುಡಿಯಲೊಲ್ಲದವನನ್ನು ಕುರಿತು. ದುಡಿಯಲಾರದವನನ್ನು ಕುರಿತು ಅಲ್ಲ. ಈ ಒಂದಕ್ಷರದ ಭೇದವನ್ನು ಮರೆತು ಬಡವರ ಮೇಲೆ ಕಲ್ಲೆಸೆದವರು ಎಲ್ಲ ಕಾಲದಲ್ಲಿಯೂ ಉಂಟು.

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಒಂದು ಮಾತು ಬರುತ್ತದೆ. ಕೊರ್ಬಾನ್ ಎಂದರೆ ದೇವರಿಗೆ ಮುಡಿಪಾದದ್ದು. ಅಪ್ಪ ಅಮ್ಮಂದಿರಿಗೆ ಸಲ್ಲಬೇಕಾದದ್ದನ್ನು ಕೆಲವರು ಕೊರ್ಬಾನ್ ಎಂದು ಹೇಳಿ, ಅವರಿಗೆ ಕೊಡುವ ಹೊಣೆಯಿಂದ ಜಾರಿಕೊಳ್ಳುತ್ತಿದ್ದರಂತೆ. ಯೇಸು ಇದನ್ನು ಕಟುವಾಗಿ ಖಂಡಿಸಿದನು. ದೇವರ ಹೆಸರಿನಲ್ಲಿಯೂ ತಂದೆತಾಯಿಗಳ ಪಾಲನ್ನು ತಪ್ಪಿಸುವಂತಿಲ್ಲ ಎಂದ ಮೇಲೆ ಸರ್ಕಾರದ ಹೆಸರಿನಲ್ಲಿ ತಪ್ಪಿಸಬಹುದೆ? ನಾನು ತೆರಿಗೆ ಕೊಟ್ಟಿದ್ದೇನೆ, ಪಿಂಚಣಿ ಬರುತ್ತದೆ, ಇನ್ನೇನು ಎಂದು ಮಗನು ಕೈ ತೊಳೆದುಕೊಂಡರೆ ಅದು ಹೊಸ ಕಾಲದ ಕೊರ್ಬಾನ್ ಅಲ್ಲವೆ? ಸಂಪ್ರದಾಯನಿಷ್ಠರ ಅಂಜಿಕೆಯ ತಿರುಳು ಇಲ್ಲಿದೆ. ಸರ್ಕಾರದ ಖರ್ಚು ಹೆಚ್ಚುತ್ತದೆ ಎಂಬುದು ಅವರ ಮುಖ್ಯ ದೂರಲ್ಲ. ಒಬ್ಬರಿಗೊಬ್ಬರು ಬೇಕಾದವರು ಬೇಡವಾದವರಾಗುತ್ತಾರೆ ಎಂಬುದು ಅವರ ದೂರು.

ಇನ್ನು ಚಾಮರ್ಸರ ವಿಚಾರ. ಅವರು ಹುಟ್ಟಿದ್ದು 1780ರಲ್ಲಿ, ಫೈಫ್ ಸೀಮೆಯ ಕಡಲತೀರದ ಊರಿನಲ್ಲಿ. 1803ರಿಂದ ಹನ್ನೆರಡು ವರ್ಷ ಕಿಲ್ಮನಿ ಎಂಬ ಹಳ್ಳಿಯಲ್ಲಿ ಪಾದ್ರಿಗಳಾಗಿದ್ದರು. ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲವರು. ಒಬ್ಬನ ಮನೆಯಲ್ಲಿ ಒಲೆ ಹತ್ತದಿದ್ದರೆ ಹತ್ತು ಮನೆಗೆ ಗೊತ್ತಾಗುತ್ತಿತ್ತು. 1815ರಲ್ಲಿ ಗ್ಲಾಸ್ಗೋ ನಗರದ ಟ್ರಾನ್ ದೇವಾಲಯಕ್ಕೆ ಬಂದರು. ಆಗ ಆ ನಗರ ಹಿಡಿತವಿಲ್ಲದೆ ಬೆಳೆಯುತ್ತಿತ್ತು. 1821ರ ಹೊತ್ತಿಗೆ ಅಲ್ಲಿ ಒಂದೂವರೆ ಲಕ್ಷದಷ್ಟು ಜನ. ಹತ್ತಿಯ ಗಿರಣಿಗಳು, ಕೈಮಗ್ಗಗಳು, ಗಾಳಿ ಬೆಳಕಿಲ್ಲದ ಓಣಿಗಳು. ಚಾಮರ್ಸರು ಮನೆಮನೆಯ ಮೆಟ್ಟಿಲು ಹತ್ತಿದರು. ಪಾದ್ರಿಯ ಮುಖವನ್ನೇ ಕಾಣದ ಸಾವಿರಾರು ಮಂದಿಯನ್ನು ಕಂಡರು. ಹಳ್ಳಿಯ ನೆರೆಹೊರೆಯನ್ನು ನಗರದ ನಡುವೆ ಮತ್ತೆ ಕಟ್ಟಬಹುದೆ ಎಂಬ ಯೋಚನೆ ಅವರಿಗೆ ಹಿಡಿಯಿತು.

1819ರಲ್ಲಿ ಅವರಿಗಾಗಿ ಸೇಂಟ್ ಜಾನ್ಸ್ ಎಂಬ ಹೊಸ ಪ್ಯಾರಿಷ್ ಏರ್ಪಟ್ಟಿತು. ಸುಮಾರು ಹತ್ತು ಸಾವಿರ ಜನ. ಬಹುಪಾಲು ನೇಕಾರರು, ಕೂಲಿಗಳು, ಗಿರಣಿಯ ಆಳುಗಳು. ನಗರಸಭೆಯೊಡನೆ ಅವರು ಒಂದು ಕರಾರು ಮಾಡಿಕೊಂಡರು. ನನ್ನ ದೇವಾಲಯದ ಕಾಣಿಕೆಯ ಹಣ ನನ್ನ ಕೈಯಲ್ಲೇ ಇರಲಿ. ನನ್ನ ಪ್ಯಾರಿಷಿನಿಂದ ಹೊಸದಾಗಿ ಒಬ್ಬ ಬಡವನನ್ನೂ ತೆರಿಗೆಯ ಹಣದ ಪಾಲಿಗೆ ನಾನು ಕಳಿಸುವುದಿಲ್ಲ, ಎಂದು. ಪ್ಯಾರಿಷನ್ನು ಇಪ್ಪತ್ತೈದು ಪಾಲು ಮಾಡಿದರು. ಒಂದೊಂದು ಪಾಲಿಗೆ ಅರವತ್ತರಿಂದ ನೂರು ಸಂಸಾರ, ಒಂದೊಂದಕ್ಕೂ ಒಬ್ಬ ಡೀಕನ್, ಎಂದರೆ ಸಭಾಸೇವಕ. ಇವರು ಸಂಬಳದವರಲ್ಲ. ವ್ಯಾಪಾರಿಗಳೋ ಬೇರೆ ಉದ್ಯೋಗದವರೋ ಆಗಿದ್ದು, ಬಿಡುವಿನ ಹೊತ್ತಿನಲ್ಲಿ ತಮ್ಮ ಪಾಲಿನ ಮನೆಗಳಿಗೆ ಹೋಗಿ ಬರುತ್ತಿದ್ದವರು. ನಾನು ಮೊದಲು ಹೇಳಿದ ಪ್ರಶ್ನೆಗಳನ್ನು ಕೇಳುತ್ತಿದ್ದವರು ಇವರೇ.

ಚಾಮರ್ಸರ ಲೆಕ್ಕದಲ್ಲಿ ಬಡವನ ನೆರವಿಗೆ ನಾಲ್ಕು ಬುಗ್ಗೆಗಳು. ಅವನ ಸ್ವಂತ ದುಡಿಮೆ ಮತ್ತು ಮಿತವ್ಯಯ ಒಂದು. ಬಂಧುಗಳ ಪ್ರೀತಿ ಇನ್ನೊಂದು. ಉಳ್ಳವರ ಕನಿಕರ ಮತ್ತೊಂದು. ನಾಲ್ಕನೆಯದನ್ನು ಅವರು ಬಹಳ ದೊಡ್ಡದೆಂದು ಎಣಿಸಿದ್ದರು. ಅದು ಬಡವರು ಬಡವರಿಗೆ ಮಾಡುವ ಸಹಾಯ. ಜ್ವರ ಬಂದ ಮನೆಗೆ ಗಂಜಿ ತಂದುಕೊಡುವವಳು ಪಕ್ಕದ ಮನೆಯವಳೇ ಹೊರತು ಬಂಗಲೆಯವಳಲ್ಲ. ಹೆರಿಗೆಯಾದವಳ ಮಗುವನ್ನು ಎತ್ತಿಕೊಳ್ಳುವವಳೂ ಅವಳೇ. ಇದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ತೆರಿಗೆಯ ಹಣ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಈ ನಾಲ್ಕೂ ಬುಗ್ಗೆಗಳು ಬತ್ತುತ್ತವೆ ಎಂದು ಅವರು ವಾದಿಸಿದರು. ಕೊಡುವವನಿಗೆ ಅದು ದಾನವಲ್ಲ, ದಂಡ. ಪಡೆಯುವವನಿಗೆ ಅದು ಉಪಕಾರವಲ್ಲ, ಬಾಕಿ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ.

ಇನ್ನೊಂದು ವಿಚಾರವನ್ನು ಅವರು 1814ರಲ್ಲಿಯೇ ಬರೆದಿದ್ದರು. ಬಡವರಿಂದ ವಾರಕ್ಕೊಂದು ಪೆನ್ನಿಯನ್ನು ಧರ್ಮಕಾರ್ಯಕ್ಕೆಂದು ಎತ್ತುವುದು ಅನ್ಯಾಯವೆಂದು ಕೆಲವರು ಆಕ್ಷೇಪಿಸಿದಾಗ, ಕೊಡುವ ಅಭ್ಯಾಸವಿರುವವನು ಬೇಡಲು ಹಿಂಜರಿಯುತ್ತಾನೆ, ಆ ಒಂದು ಪೆನ್ನಿ ಅವನನ್ನು ಕೊಡುವವರ ಸಾಲಿನಲ್ಲಿ ನಿಲ್ಲಿಸುತ್ತದೆ ಎಂದು ಉತ್ತರ ಕೊಟ್ಟರು. ಕಾಯಕ, ದಾಸೋಹ ಎಂಬ ಮಾತುಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸದಾಗಿ ತೋರಲಿಕ್ಕಿಲ್ಲ. ಆದರೂ ಬಡವನನ್ನು ಕೊಡುವವನನ್ನಾಗಿ ನೋಡುವ ಈ ದೃಷ್ಟಿ ಆ ಕಾಲದ ಅರ್ಥಶಾಸ್ತ್ರಜ್ಞರಲ್ಲಿ ಅಪರೂಪವಾಗಿತ್ತು.

ಫಲವೇನಾಯಿತು? ಮುಂಚೆ ಆ ಭಾಗದ ಬಡವರಿಗಾಗಿ ವರ್ಷಕ್ಕೆ 1,400 ಪೌಂಡು ಖರ್ಚಾಗುತ್ತಿದ್ದುದು 280 ಪೌಂಡಿಗೆ ಇಳಿಯಿತೆಂದು ಲೆಕ್ಕ ಬಂತು. ಈ ಅಂಕಿಗಳು ಬಹು ಪ್ರಸಿದ್ಧವಾದವು. ಇವನ್ನು ಅಲ್ಲಗಳೆದವರೂ ಇದ್ದರು. ಚಾಮರ್ಸರು ದೊಡ್ಡ ವಾಗ್ಮಿಗಳು. ಅವರ ಉಪದೇಶ ಕೇಳಲು ನಗರದ ಬೇರೆ ಕಡೆಗಳಿಂದ ಸಿರಿವಂತರು ಬರುತ್ತಿದ್ದರು, ಅವರ ಕಾಣಿಕೆಯೂ ತಟ್ಟೆಗೆ ಬೀಳುತ್ತಿತ್ತು. ಅಂಥ ಪಾದ್ರಿ, ಅಂಥ ಇಪ್ಪತ್ತೈದು ಮಂದಿ ಸೇವಕರು ಎಲ್ಲ ಪ್ಯಾರಿಷಿಗೂ ಎಲ್ಲಿಂದ ಬರಬೇಕು? ಜೊತೆಗೆ, ಕೇಳಿದರೆ ಮಗನ ಮನೆ ತೋರಿಸುತ್ತಾರೆ ಎಂದು ಗೊತ್ತಾದ ಮೇಲೆ ಎಷ್ಟು ಮಂದಿ ಕೇಳುವುದನ್ನೇ ಬಿಟ್ಟರೋ. ಕೇಳುವವರು ಕಡಿಮೆಯಾದರೆ ಹಸಿದವರು ಕಡಿಮೆಯಾದರೆಂದು ಹೇಳಲಾಗದು. ಈ ಆಕ್ಷೇಪಣೆಗೆ ಬೆಲೆಯಿದೆ. ಆದರೆ ಇದರಿಂದ ಡೀಕನ್ನರ ಕೆಲಸ ಸುಳ್ಳಾಗುವುದಿಲ್ಲ. ಯಾರ ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಮಗನಿಗೆ ಕೆಲಸ ತಪ್ಪಿದೆ ಎಂಬುದನ್ನು ಮೆಟ್ಟಿಲು ಹತ್ತಿ ತಿಳಿದ ಒಬ್ಬ ಮನುಷ್ಯ ನೂರು ಸಂಸಾರಕ್ಕೆ ಒಬ್ಬನಂತೆ ಇದ್ದದ್ದು ನಿಜ.

ಚಾಮರ್ಸರು 1823ರಲ್ಲಿ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಅವರ ಶಿಷ್ಯರಾಗಿದ್ದ ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತೆಗೆ ಬಂದು ಶಾಲೆ ತೆರೆದ ಸಂಗತಿ ನಮ್ಮ ದೇಶದ ಶಿಕ್ಷಣದ ಚರಿತ್ರೆ ಬಲ್ಲವರಿಗೆ ಗೊತ್ತು. ಸೇಂಟ್ ಜಾನ್ಸ್ ಏರ್ಪಾಟು ಅವರು ಹೋದ ಮೇಲೂ ನಡೆದು 1837ರಲ್ಲಿ ನಿಂತಿತು. ಅದೇ ವರ್ಷ ವ್ಯಾಪಾರ ಕುಸಿದು ಮಗ್ಗಗಳು ನಿಂತವು. ತಂದೆಯೂ ನೇಕಾರ, ಮಗನೂ ನೇಕಾರ, ಭಾವನೂ ನೇಕಾರ, ಪಕ್ಕದ ಮನೆಯವನೂ ನೇಕಾರ ಎಂದ ಮೇಲೆ ಒಂದೇ ದಿನ ಎಲ್ಲರಿಗೂ ಕೆಲಸ ತಪ್ಪಿದರೆ ಯಾವ ಬುಗ್ಗೆಯಿಂದ ನೀರು ತರಬೇಕು? ಹಳ್ಳಿಯಲ್ಲಿ ಒಂದು ಮನೆಗೆ ಕಷ್ಟ ಬಂದರೆ ಒಂಬತ್ತು ಮನೆ ನಿಂತಿರುತ್ತವೆ. ಗಿರಣಿಯೂರಿನಲ್ಲಿ ಕಷ್ಟ ಬಂದರೆ ಹತ್ತಕ್ಕೆ ಹತ್ತೂ ಬೀಳುತ್ತವೆ. ನನಗೆ ತೋರುವ ಮಟ್ಟಿಗೆ ಚಾಮರ್ಸರ ಯೋಜನೆಯಲ್ಲಿ ಬಿರುಕು ಬಿಟ್ಟದ್ದು ಇಲ್ಲಿ, ಜನರ ನಡತೆಯಲ್ಲಲ್ಲ.

ಇದನ್ನು ಎತ್ತಿ ತೋರಿಸಿದವರು ಎಡಿನ್‌ಬರೋ ನಗರದ ವೈದ್ಯರಾದ ವಿಲಿಯಂ ಪುಲ್ಟನಿ ಆ್ಯಲಿಸನ್. ಇವರೂ ಪಾದ್ರಿಯ ಮಗ, ಧರ್ಮಭೀರು; ಆದರೆ ಜ್ವರದ ರೋಗಿಗಳ ಹಾಸಿಗೆಯ ಬಳಿ ಕುಳಿತು ಬದುಕು ಕಳೆದವರು. ಹೊಟ್ಟೆಗಿಲ್ಲದ ಕಡೆ ಜ್ವರ ಹರಡುತ್ತದೆ. ಏನೂ ಇಲ್ಲದವನಿಗೆ ಮಿತವ್ಯಯ ಬೋಧಿಸಿ ಫಲವಿಲ್ಲ, ಕಡುಬಡತನವೇ ಮನುಷ್ಯನ ಎಚ್ಚರವನ್ನು ಕೆಡಿಸುತ್ತದೆ. ಆದ್ದರಿಂದ ತೆರಿಗೆಯ ಹಣದಿಂದ ನಿಶ್ಚಿತವಾದ ನೆರವು ಬೇಕು ಎಂದು 1840ರಲ್ಲಿ ಬರೆದರು. ಆ ವರ್ಷ ಗ್ಲಾಸ್ಗೋದಲ್ಲಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ ಸೇರಿದಾಗ ಇಬ್ಬರೂ ಎದುರಾಬದುರು ನಿಂತು ವಾದಿಸಿದರು. ಗೆದ್ದವರು ಯಾರೆಂದು ಕೇಳಿದರೆ ಚರಿತ್ರೆ ವೈದ್ಯರ ಕಡೆಗೆ ಬೆರಳು ತೋರಿಸುತ್ತದೆ. 1843ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಭೆ ಒಡೆಯಿತು. ಒಡೆದು ಹೊರಬಂದವರಿಗೆ ಮುಂದಾಳು ಚಾಮರ್ಸರೇ. ಪ್ಯಾರಿಷಿನಲ್ಲಿರುವವರೆಲ್ಲ ಒಂದೇ ಸಭೆಯವರು ಎಂಬುದೇ ಇಲ್ಲವಾದ ಮೇಲೆ ಸಭೆಯೇ ಎಲ್ಲ ಬಡವರನ್ನೂ ನೋಡಿಕೊಳ್ಳುವುದು ಹೇಗೆ? 1845ರಲ್ಲಿ ಹೊಸ ಕಾಯಿದೆ ಬಂದು ಆ ಕೆಲಸ ಪ್ಯಾರಿಷಿನ ಮಂಡಲಿಗಳಿಗೆ ಹೋಯಿತು. ಆಗಲೂ ಕೈಕಾಲು ಗಟ್ಟಿಯಿದ್ದು ಕೆಲಸವಿಲ್ಲದವನಿಗೆ ನೆರವಿನ ಹಕ್ಕು ದೊರೆಯಲಿಲ್ಲ.

ಪಕ್ಕದ ಇಂಗ್ಲೆಂಡಿನಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿ 1601ರ ಕಾಯಿದೆಯಿಂದಲೇ ಬಡವರ ತೆರಿಗೆ ಇತ್ತು. ಶಕ್ತಿಯುಳ್ಳ ಮಕ್ಕಳು ತಂದೆತಾಯಿಗಳನ್ನು ಸಾಕಬೇಕೆಂಬ ವಿಧಿಯೂ ಆ ಕಾಯಿದೆಯಲ್ಲಿಯೇ ಇತ್ತು. ಜನ ಸೋಮಾರಿಗಳಾಗುತ್ತಿದ್ದಾರೆಂದು 1834ರಲ್ಲಿ ನಿಯಮಗಳನ್ನು ಬಿಗಿ ಮಾಡಿ, ನೆರವು ಬೇಕಾದವರು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗೆ ಬರಬೇಕೆಂದರು. ಅಲ್ಲಿ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ, ಮಕ್ಕಳನ್ನು ಇನ್ನೊಂದು ಕಡೆ ಇಟ್ಟರು. ಸ್ವಂತ ಹೊಣೆಯನ್ನು ಕಲಿಸುತ್ತೇವೆಂದು ಹೊರಟು ಸಂಸಾರವನ್ನೇ ಒಡೆದರು. ಹೊಣೆಗಾರಿಕೆಯ ಹೆಸರಿನಲ್ಲಿ ಜಿಪುಣತನ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಈ ಬಗೆಯ ಬಿಗಿತಕ್ಕೂ ಪೌಲನ ಪತ್ರಿಕೆಗೂ ಯಾವ ನಂಟೂ ಕಾಣದು. ಹಳೆಯ ಒಡಂಬಡಿಕೆಯನ್ನು ತೆರೆದರೆ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಆರಿಸಬಾರದು, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂಬ ವಿಧಿ ಇದೆ. ರೂತಳು ಅತ್ತೆಯನ್ನು ಸಾಕಿದ್ದು ಹೀಗೆ ಹಕ್ಕಲು ಆಯ್ದೇ. ಇಲ್ಲಿ ಬಡವಳ ದುಡಿಮೆ ಇದೆ, ಅತ್ತೆ ಸೊಸೆಯರ ನಂಟು ಇದೆ, ಹೊಲದವನ ಔದಾರ್ಯ ಇದೆ. ಇವೆಲ್ಲದರ ಕೆಳಗೆ ಒಂದು ಕಟ್ಟಳೆಯೂ ಇದೆ. ಬರೀ ಕನಿಕರಕ್ಕೆ ಬಿಟ್ಟ ಮಾತಲ್ಲ ಅದು.

ಚಾಮರ್ಸರ ಕಡೆಯ ದಿನಗಳ ಒಂದು ಸಂಗತಿ ನನಗೆ ಬಹಳ ಮುಖ್ಯವೆಂದು ತೋರುತ್ತದೆ. 1845ರಿಂದ ಐರ್ಲೆಂಡಿನಲ್ಲಿಯೂ ಮರುವರ್ಷ ಸ್ಕಾಟ್ಲೆಂಡಿನ ಬೆಟ್ಟದ ನಾಡಿನಲ್ಲಿಯೂ ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂತು. ಆಗ ಇದೇ ಚಾಮರ್ಸರು, ಬಡವರ ತೆರಿಗೆಯೇ ಬೇಡವೆಂದು ಮೂವತ್ತು ವರ್ಷ ವಾದಿಸಿದ್ದವರು, 1847ರ ಮೇ ತಿಂಗಳಲ್ಲಿ ಒಂದು ತ್ರೈಮಾಸಿಕದಲ್ಲಿ ಲೇಖನ ಪ್ರಕಟಿಸಿ, ಸರ್ಕಾರ ಕೈಬಿಚ್ಚಿ ಖರ್ಚು ಮಾಡಿ ಜನರನ್ನು ಉಳಿಸಬೇಕೆಂದು ಕೇಳಿದರು. ಹೆಂಡ ಕಾಯಿಸುವುದಕ್ಕೆ ಧಾನ್ಯ ಹೋಗುವುದನ್ನು ನಿಲ್ಲಿಸಬೇಕೆಂದೂ ಹೇಳಿದರು. ಅದೇ ತಿಂಗಳ ಕೊನೆಯಲ್ಲಿ ಅವರು ತೀರಿಕೊಂಡರು. ಇದನ್ನು ಅವರು ತಮ್ಮ ಮಾತಿನಿಂದ ಜಾರಿದರು ಎಂದು ಓದಬೇಕಾಗಿಲ್ಲ. ಮನೆ, ನಂಟು, ನೆರೆ, ಸಭೆ ಎಂಬ ಕ್ರಮದಲ್ಲಿ ಕೊನೆಗೆ ನಿಂತ ಸರ್ಕಾರಕ್ಕೆ ಆ ಕೊನೆಯ ಜಾಗದಲ್ಲಿ ದೊಡ್ಡ ಕೆಲಸವೇ ಇದೆ. 1931ರಲ್ಲಿ ರೋಮಿನ ಹನ್ನೊಂದನೆಯ ಪಯಸ್ ಪೋಪರು ಹೊರಡಿಸಿದ ಪತ್ರದ ತಾತ್ಪರ್ಯವೂ ಇದಕ್ಕೆ ಹತ್ತಿರದ್ದು: ಸಣ್ಣ ಕೂಟ ಮಾಡಬಲ್ಲ ಕೆಲಸವನ್ನು ದೊಡ್ಡ ಕೂಟ ಕಿತ್ತುಕೊಳ್ಳಬಾರದು, ಅದಕ್ಕೆ ಒತ್ತಾಸೆಯಾಗಿ ನಿಲ್ಲಬೇಕು, ಎಂದು.

ಹಾಗಾದರೆ ನಂಟೇ ಕಡಿದುಹೋದಾಗ ಏನು ಗತಿ? ಇದಕ್ಕೆ ನಮ್ಮ ಮಂಗಳೂರಿನಲ್ಲಿಯೇ ಒಂದು ಉದಾಹರಣೆ ಇದೆ. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದವರು ಮನೆಯಿಂದಲೂ ಜಾತಿಯಿಂದಲೂ ಹೊರಗಾದರು. ಕುಲಕಸುಬೂ ಹೋಯಿತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದೆಂಬ ಕಾಯಿದೆ ಬಂದದ್ದೇ 1850ರಲ್ಲಿ. ಇಂಥವರಿಗೆ ಬಂಧುಗಳನ್ನು ಕೇಳು ಎಂದು ಹೇಳುವುದು ಅಪಹಾಸ್ಯವಾದೀತು. ಮಿಷನ್ನಿನವರು ಭಿಕ್ಷೆಯನ್ನೂ ಇಷ್ಟಪಡಲಿಲ್ಲ. ಮುದ್ರಣ, ನೇಯ್ಗೆ, 1865ರಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ, ಹೀಗೆ ಕೈಗೆ ಕೆಲಸ ಕಲ್ಪಿಸಿದರು. ಮಂಗಳೂರು ಹೆಂಚಿನ ಹೆಸರು ದೇಶ ದಾಟಿ ಹೋದದ್ದು ಹೀಗೆ. ಆದರೆ ಕೂಲಿ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಂದೇ ಮಿಷನ್ನಿನವರಾದಾಗ ಕೆಲಸಗಾರನ ಬಾಯಿ ಎಷ್ಟು ತೆರೆದೀತು ಎಂದು ಯಾರಾದರೂ ಕೇಳಬಹುದು. ನೆರವು ಹತ್ತಿರದಿಂದ ಬಂದಷ್ಟೂ ಬೆಚ್ಚಗಿರುತ್ತದೆ. ಅಷ್ಟೇ ಬಿಗಿಯಾಗಿಯೂ ಇರುತ್ತದೆ. ದೂರದ ಸರ್ಕಾರದ ಹಣಕ್ಕೆ ಈ ಬಿಸಿಯಿಲ್ಲ, ಈ ಹಿಡಿತವೂ ಇಲ್ಲ. ಸಂಪ್ರದಾಯವಾದಿಗಳು ಈ ಎರಡನೆಯ ಮಾತನ್ನು ಸಾಕಷ್ಟು ತೂಗಿ ನೋಡಿಲ್ಲವೆಂದು ನನ್ನ ಭಾವನೆ.

ಕಾಲಚಕ್ರ ತಿರುಗಿದ ಬಗೆ ವಿಚಿತ್ರವಾಗಿದೆ. ಮಕ್ಕಳು ತಂದೆತಾಯಿಗಳನ್ನು ಸಾಕಲೇಬೇಕೆಂಬ ಕಟ್ಟಳೆಯನ್ನು ಬ್ರಿಟನ್ 1948ರಲ್ಲಿ ಕೈಬಿಟ್ಟಿತು. ಸಾಕದವರನ್ನು ನ್ಯಾಯಾಲಯಕ್ಕೆ ಕರೆಯುವ ವಿಧಿ ನಮ್ಮಲ್ಲಿ ಮೊದಲೇ ಇದ್ದರೂ, ಭಾರತ 2007ರಲ್ಲಿ ಅದಕ್ಕೆಂದೇ ಬೇರೆ ಕಾಯಿದೆ ಮಾಡಿತು. ವಯಸ್ಸಾದ ತಂದೆತಾಯಿಗಳು ನ್ಯಾಯಮಂಡಲಿಯ ಮುಂದೆ ಅರ್ಜಿ ಹಾಕಿ ಮಕ್ಕಳಿಂದ ಜೀವನಾಂಶ ಪಡೆಯಬಹುದು. ಆ ಕಾಯಿದೆ ಇಟ್ಟ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟವನ ಪತ್ರವನ್ನು ರದ್ದು ಮಾಡಲೂ ಅದರಲ್ಲಿ ಅವಕಾಶವಿದೆ. ತಾಯಿ ಮಗನ ಮೇಲೆ ಅರ್ಜಿ ಬರೆಯುವ ಹೊತ್ತಿಗೆ ಮನೆಯೊಳಗೆ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ ಎಂಬುದು ಬೇರೆ ಮಾತು.

ಇದರ ಜೊತೆಗೆ ವೃದ್ಧಾಪ್ಯದ ಪಿಂಚಣಿ, ವಿಧವಾ ವೇತನ, 2023ರಲ್ಲಿ ಮನೆಯ ಯಜಮಾನಿಗೆಂದು ಕರ್ನಾಟಕದಲ್ಲಿ ಆರಂಭವಾದ ತಿಂಗಳಿಗೆ 2,000 ರೂಪಾಯಿ, ಇವೆಲ್ಲ ಬಂದಿವೆ. ಇವು ಮಗನ ಹೊಣೆಯನ್ನು ಸಡಿಲಿಸುತ್ತವೆಯೆ? ಚಾಮರ್ಸರಾದರೆ ಹೌದೆನ್ನುತ್ತಿದ್ದರು. ನನಗೆ ಅಷ್ಟು ನಿಶ್ಚಯವಿಲ್ಲ. ಕೈಯಲ್ಲಿ ತನ್ನದೆಂಬ ನಾಲ್ಕು ಕಾಸಿರುವ ಅತ್ತೆಗೆ ಸೊಸೆಯ ಮುಂದೆ ತಲೆ ಎತ್ತಿ ಕೂರಲು ಆದೀತು. ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡಲಾದೀತು. ವಾರಕ್ಕೊಂದು ಪೆನ್ನಿ ಕೊಟ್ಟು ಕೊಡುವವರ ಸಾಲಿಗೆ ಸೇರಿದ ಬಡವನ ಕಥೆ ಇದಕ್ಕಿಂತ ಬೇರೆಯೆ? ನಂಟು ಇರುವ ಮನೆಯಲ್ಲಿ ಆ ಹಣ ನಂಟಿಗೆ ಆಸರೆಯಾಗುತ್ತದೆ. ನಂಟು ಇಲ್ಲದ ಮನೆಯಲ್ಲಿ ಅದೊಂದು ನೆಪವಾಗುತ್ತದೆ. ಯಾವುದು ಎಲ್ಲಿ ಎಂಬುದನ್ನು ಮನೆಗೆ ಹೋಗಿ ನೋಡಿದವನು ಮಾತ್ರ ಹೇಳಬಲ್ಲ.

ನಮ್ಮ ಊರುಗಳಲ್ಲಿ ಮುಂಚೆ ಪಿಂಚಣಿಯ ಹಣವನ್ನು ಅಂಚೆಯವನು ಮನೆಯ ಬಾಗಿಲಿಗೆ ತರುತ್ತಿದ್ದ. ಈಗ ಅದು ನೇರವಾಗಿ ಖಾತೆಗೆ ಹೋಗುತ್ತದೆ. ನಡುವೆ ಕೈ ಚಾಚುವವರಿಲ್ಲ. ಅದು ಒಳ್ಳೆಯದೇ. ಆದರೆ ತಿಂಗಳಿಗೊಮ್ಮೆಯಾದರೂ ಬಾಗಿಲಲ್ಲಿ ನಿಂತು ಅಜ್ಜೀ ಎಂದು ಕೂಗುತ್ತಿದ್ದವನೂ ಅದರೊಡನೆ ಹೋದ. ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ಅಮ್ಮಂದಿರೂ ಮನೆಮನೆಗೆ ಹೋಗುತ್ತಾರೆ, ನಿಜ. ಅವರಿಗೆ ಹೊರಿಸಿರುವ ಕೆಲಸಗಳೇ ಬೆಟ್ಟದಷ್ಟಿವೆ. ಸೇಂಟ್ ಜಾನ್ಸ್ ಪ್ಯಾರಿಷಿನಲ್ಲಿ ಹತ್ತು ಸಾವಿರ ಜನಕ್ಕೆ ಇಪ್ಪತ್ತೈದು ಮಂದಿ ಸಾಕಾಗಿದ್ದರು. ನಮ್ಮ ಒಂದು ದೊಡ್ಡ ಹಳ್ಳಿಗೆ, ಪಟ್ಟಣದ ನಾಲ್ಕು ಬೀದಿಗೆ ಅಷ್ಟು ಮಂದಿಯನ್ನು ಸಭೆಗಳೋ ಮಠಗಳೋ ಮಹಿಳಾ ಸಂಘಗಳೋ ಒದಗಿಸಲಾರವೆ? ಅವರು ಹಣ ಹಂಚಬೇಕಾದ್ದಿಲ್ಲ, ಅದನ್ನು ಸರ್ಕಾರ ಹಂಚುತ್ತಿದೆ. ಮೆಟ್ಟಿಲು ಹತ್ತಬೇಕು, ಮಗ ಎಲ್ಲಿದ್ದಾನೆಂದು ಕೇಳಬೇಕು, ಬೇಕಾದರೆ ಅವನಿಗೊಂದು ಕಾಗದ ಬರೆಯಬೇಕು.